‘ನೋಡು’ ಎಂದರೆ ಸೀಯಾ, ಲುಕ್ಕಾ, ವಾಚಾ? ಒಂದೇ ಅರ್ಥದ ಇಂಗ್ಲಿಷ್ ಕ್ರಿಯಾಪದಗಳಲ್ಲಿ ಯಾವುದನ್ನು ಎಲ್ಲಿ ಹಾಕುವುದು

ಬದಿಯಡ್ಕ ಬೆಂಚು:

ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವವರಲ್ಲಿ ಒಂದು ಪ್ರಶ್ನೆ. ಮಕ್ಕಳಿಗೆ ಶಬ್ದದ ಅರ್ಥ ಗೊತ್ತುಂಟು, ಎಡವುವುದು ಆಯ್ಕೆಯಲ್ಲಿ. ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ವಾಕ್ಯಗಳು ಇವು:

‘ಹಿ ಸೆಡ್ ಮಿ ದಿ ಆನ್ಸರ್.’
‘ಐ ಆಮ್ ಹಿಯರಿಂಗ್ ಸಾಂಗ್ಸ್.’
‘ಲುಕ್ ದ ಬೋರ್ಡ್.’
‘ಶಿ ಆಸ್ಕ್ಡ್ ಟು ಮಿ.’
‘ರಿಮೆಂಬರ್ ಮಿ ಟುಮಾರೊ.’ ನಾಳೆ ನನಗೆ ನೆನಪು ಮಾಡು ಎಂದು ಹೇಳಲಿಕ್ಕೆ.
‘ದ ಪ್ರೈಸ್ ಆಫ್ ಅರೆಕಾನಟ್ ರೇಝ್ಡ್.’

ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ಸೀ, ಲುಕ್, ವಾಚ್ ಮೂರಕ್ಕೂ ‘ನೋಡು’ ಎಂದೇ ಉಂಟು. ಗೈಡುಗಳಲ್ಲಿ ಜೋಡಿ ಶಬ್ದಗಳ ಉದ್ದದ ಪಟ್ಟಿ ಇರುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಎಲ್ಲ ಮಾಯ. ಕನ್ನಡ ವಾಕ್ಯದಿಂದಲೇ ಹೊರಟು ಸರಿಯಾದ ಇಂಗ್ಲಿಷ್ ಕ್ರಿಯಾಪದಕ್ಕೆ ಮುಟ್ಟುವ ದಾರಿ ಇದೆಯಾ? ವ್ಯಾಕರಣದ ದೊಡ್ಡ ದೊಡ್ಡ ಶಬ್ದ ಕಡಿಮೆ ಇದ್ದಷ್ಟು ಒಳ್ಳೆಯದು.

ಪಯಸ್ವಿನಿ:

ದಾರಿ ಉಂಟು ಟೀಚರ್. ಕ್ರಿಯಾಪದ ಒಂದನ್ನೇ ಹಿಡಿದುಕೊಂಡರೆ ಸಿಗುವುದಿಲ್ಲ, ಪಕ್ಕದ ಶಬ್ದದ ಬಾಲ ನೋಡಬೇಕು. ವಾಕ್ಯ ‘ನಾನು’ ಎಂದು ಶುರುವಾಗುತ್ತದಾ, ‘ನನಗೆ’ ಎಂದು ಶುರುವಾಗುತ್ತದಾ?

ನನಗೆ ಗುಡ್ಡೆ ಕಾಣುತ್ತದೆ. ನಾನು ಗುಡ್ಡೆಯನ್ನು ನೋಡುತ್ತೇನೆ. ಮೊದಲನೆಯ ವಾಕ್ಯದಲ್ಲಿ ನಾನು ಏನೂ ಮಾಡಿಲ್ಲ, ಕಣ್ಣು ತೆರೆದಿತ್ತು, ಗುಡ್ಡೆ ಕಂಡಿತು. ಅದು ಸೀ. ಎರಡನೆಯದರಲ್ಲಿ ಬೇಕೆಂದೇ ಕಣ್ಣನ್ನು ಅತ್ತ ತಿರುಗಿಸಿದ್ದೇನೆ. ಅದು ಲುಕ್ ಅಥವಾ ವಾಚ್. ಕಿವಿಯದ್ದೂ ಇದೇ ಲೆಕ್ಕ: ‘ನನಗೆ ಶಬ್ದ ಕೇಳಿಸುತ್ತದೆ’ ಎಂದರೆ ಹಿಯರ್, ‘ನಾನು ಹಾಡು ಕೇಳುತ್ತೇನೆ’ ಎಂದರೆ ಲಿಸನ್.

‘ನನಗೆ’ ಗುಂಪಿನ ಉಳಿದವನ್ನೂ ಸಾಲಾಗಿ ಇಡಿ. ನನಗೆ ಗೊತ್ತುಂಟು, ನನಗೆ ಬೇಕು, ನನಗೆ ಇಷ್ಟ, ನನಗೆ ಅರ್ಥವಾಯಿತು, ನನಗೆ ನೆನಪುಂಟು. ಇಂಗ್ಲಿಷಿನಲ್ಲಿ ಕ್ರಮವಾಗಿ ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್. ಇವೆಲ್ಲ ಸಾಮಾನ್ಯವಾಗಿ ‘ಇಂಗ್’ ಬಾಲ ಒಪ್ಪದ ಕ್ರಿಯಾಪದಗಳು. ‘ಐ ಆಮ್ ನೋಯಿಂಗ್’, ‘ಐ ಆಮ್ ವಾಂಟಿಂಗ್’ ಯಾಕೆ ತಪ್ಪು ಎಂದು ಬೇರೆಯೇ ಒಂದು ಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಕನ್ನಡದಲ್ಲಿ ‘ನನಗೆ’ ಬಂದಲ್ಲಿ ‘ಇಂಗ್’ ಹಾಕುವ ಮೊದಲು ಒಮ್ಮೆ ನಿಲ್ಲಬೇಕು, ಅಷ್ಟೇ.

ನಮ್ಮ ಕಾಸರಗೋಡು ಕಡೆಯ ಮಕ್ಕಳಿಗೆ ಇಲ್ಲೊಂದು ವಿಶೇಷ ತೊಂದರೆ ಉಂಟು. ‘ಕಾಣ್ತಾ ಉಂಟು’, ‘ಕೇಳ್ತಾ ಉಂಟು’ ಎಂಬುದು ನಮ್ಮ ಬಾಯಿಯ ಸಹಜ ಮಾತು. ಅದನ್ನು ಹಾಗೆಯೇ ಎತ್ತಿ ಇಟ್ಟರೆ ‘ಐ ಆಮ್ ಸೀಯಿಂಗ್ ಎ ಬೋಟ್’, ‘ಐ ಆಮ್ ಹಿಯರಿಂಗ್ ಎ ನಾಯ್ಸ್’ ಆಗುತ್ತದೆ. ಆ ಜಾಗಕ್ಕೆ ಇಂಗ್ಲಿಷಿನವರು ಹಾಕುವುದು ‘ಕ್ಯಾನ್’: ‘ಐ ಕ್ಯಾನ್ ಸೀ ಎ ಬೋಟ್’, ‘ಐ ಕ್ಯಾನ್ ಹಿಯರ್ ಎ ನಾಯ್ಸ್’. ಇದೊಂದನ್ನು ಕಲಿಸಿದರೆ ಅರ್ಧ ಕೆಂಪು ಗೆರೆ ಕಡಿಮೆಯಾಗುತ್ತದೆ.

ಲುಕ್ ಮತ್ತು ವಾಚ್ ನಡುವಿನ ವ್ಯತ್ಯಾಸ ಎದುರಿಗಿರುವ ವಸ್ತುವಿನಲ್ಲಿ. ಫೋಟೊ, ಬೋರ್ಡ್, ನಕ್ಷೆ, ಗಡಿಯಾರ ಸುಮ್ಮನೆ ಇರುವಂಥವು, ಅವಕ್ಕೆ ಲುಕ್. ಕ್ರಿಕೆಟ್, ಯಕ್ಷಗಾನ, ಟಿವಿ, ದಾರಿಯಲ್ಲಿ ಹೋಗುವ ಮೆರವಣಿಗೆ ಚಲಿಸುತ್ತಾ ಇರುತ್ತವೆ, ಮುಂದೇನು ಎಂದು ಕಾದು ನೋಡುತ್ತೇವೆ, ಅವಕ್ಕೆ ವಾಚ್. ಲುಕ್ ಎಂಬುದಕ್ಕೆ ವಸ್ತು ಬಂದರೆ ‘ಆ್ಯಟ್’ ಬೇಕೇ ಬೇಕು, ಲಿಸನ್‌ಗೆ ‘ಟು’ ಬೇಕೇ ಬೇಕು. ವಸ್ತು ಇಲ್ಲದಿದ್ದರೆ ಎರಡೂ ಬೇಡ: ‘ಲುಕ್!’, ‘ಲಿಸನ್!’. ಈ ಅರ್ಥದ ವಾಚ್‌ಗೆ ಇಂಥ ಬಾಲವಿಲ್ಲ, ‘ವಾಚ್ ದ ಮ್ಯಾಚ್’.

ಇನ್ನು ಸಿನೆಮಾ. ಥಿಯೇಟರಿಗೆ ಹೋಗಿ ನೋಡಿದರೆ ‘ಸಾ ಎ ಫಿಲ್ಮ್’, ಮನೆಯಲ್ಲಿ ಟಿವಿಯಲ್ಲಿ ನೋಡಿದರೆ ‘ವಾಚ್ಡ್ ಎ ಫಿಲ್ಮ್’. ಈ ಭೇದ ಈಗ ಬಹಳ ಸಡಿಲ, ಇದಕ್ಕೆ ಮಾರ್ಕು ಕಡಿಯುವುದು ನ್ಯಾಯವಲ್ಲ. ‘ಐ ಆಮ್ ಸೀಯಿಂಗ್ ದ ಡಾಕ್ಟರ್ ಟುಮಾರೊ’ ಎಂಬುದೂ ಸರಿಯೇ. ಅಲ್ಲಿ ಸೀ ಎಂದರೆ ಭೇಟಿಯಾಗು, ಕಣ್ಣಿಗೆ ಕಾಣುವ ಸುದ್ದಿಯೇ ಅಲ್ಲ.

ಗಡಿನಾಡ ಓದುಗ:

ಮೇಲಿನ ಸೂತ್ರ ಒಳ್ಳೆಯದು, ಆದರೆ ಎರಡು ಕಡೆ ಕೈಕೊಡುತ್ತದೆ, ಮಕ್ಕಳು ಅದನ್ನೇ ಮೊದಲು ಹಿಡಿಯುತ್ತಾರೆ.

ಒಂದು, ‘ನನಗೆ ನೆನಪು ಮಾಡು’. ಇಲ್ಲೂ ‘ನನಗೆ’ ಉಂಟು. ಟೀಚರ್ ಕೊಟ್ಟ ‘ರಿಮೆಂಬರ್ ಮಿ’ ಹುಟ್ಟಿದ್ದು ಇಲ್ಲಿಂದಲೇ. ‘ಮಾಡುವವರು ಯಾರು?’ ಎಂದು ಕೇಳಿಸಬೇಕು. ‘ನನಗೆ ನೆನಪುಂಟು’ ಎಂಬಲ್ಲಿ ಮಾಡುವವರೇ ಇಲ್ಲ, ಹಾಗಾಗಿ ರಿಮೆಂಬರ್. ‘ನನಗೆ ನೆನಪು ಮಾಡು’ ಎಂಬಲ್ಲಿ ನೀನು ಮಾಡಬೇಕು, ನಾನು ಪಡೆಯುವವನು, ಹಾಗಾಗಿ ರಿಮೈಂಡ್. ‘ರಿಮೈಂಡ್ ಮಿ ಟುಮಾರೊ.’ ‘ರಿಮೆಂಬರ್ ಮಿ ಟುಮಾರೊ’ ಎಂದರೆ ನಾಳೆ ನನ್ನನ್ನು ನೆನೆಸಿಕೊ ಎಂದಾಗುತ್ತದೆ, ಊರು ಬಿಟ್ಟು ಹೋಗುವವರು ಹೇಳುವ ಮಾತು.

ಎರಡು, ಹೊಟ್ಟೆ–ಮನಸ್ಸಿನ ಸಂಗತಿಗಳು. ನನಗೆ ಹಸಿವಾಗುತ್ತದೆ, ಬಾಯಾರಿಕೆ ಆಗುತ್ತದೆ, ಹೆದರಿಕೆ ಆಗುತ್ತದೆ, ಸಿಟ್ಟು ಬರುತ್ತದೆ. ಇವಕ್ಕೆ ಕ್ರಿಯಾಪದ ಹುಡುಕಲಿಕ್ಕೇ ಹೋಗಬಾರದು. ‘ಐ ಆಮ್’ ಹಾಕಿ ಹಂಗ್ರಿ, ಥರ್ಸ್ಟಿ, ಅಫ್ರೇಡ್, ಆಂಗ್ರಿ ಸೇರಿಸಿದರೆ ಮುಗಿಯಿತು. ‘ಹಂಗರ್ ಈಸ್ ಕಮಿಂಗ್ ಟು ಮಿ’ ಬರೆಯುವ ಮಗು ಶ್ರದ್ಧೆಯಿಂದಲೇ ಬರೆದಿರುತ್ತದೆ, ಬೈಯಬೇಡಿ.

ಇನ್ನೊಂದು. ಇಲ್ಲಿನ ಮಕ್ಕಳಿಗೆ ಮಲೆಯಾಳವೂ ಬರುತ್ತದಲ್ಲ, ಅದನ್ನು ಯಾಕೆ ಬಿಡುವುದು? ಕನ್ನಡದ ‘ನೋಡು’ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಮಲೆಯಾಳದಲ್ಲಿ ಟಿವಿಯನ್ನೂ ಸಿನೆಮಾವನ್ನೂ ‘ಕಾಣುವುದು’, ಬೋರ್ಡಿನ ಕಡೆಗೆ ‘ನೋಕ್ಕುವುದು’. ‘ಬೋರ್ಡಿಲೇಕ್ಕ್ ನೋಕ್ಕ್’ ಎನ್ನುವಾಗ ಬರುವ ಆ ‘ಇಲೇಕ್ಕ್’ ಇದೆಯಲ್ಲ, ಅದೇ ‘ಲುಕ್ ಆ್ಯಟ್’ನ ‘ಆ್ಯಟ್’ ಎಂದು ತೋರಿಸಿ, ಮಗು ಮತ್ತೆ ಬಿಡುವುದಿಲ್ಲ. ಅದೇ ರೀತಿ ಕನ್ನಡದ ‘ಕೇಳು’ ಕಿವಿಗೂ ಹೌದು, ಪ್ರಶ್ನೆಗೂ ಹೌದು. ತುಳುವಿನ ‘ಕೇಣ್’ ಕೂಡ ಹಾಗೆಯೇ. ಮಲೆಯಾಳದಲ್ಲಿ ಕಿವಿಗೆ ‘ಕೇಳ್‌ಕ್ಕುಕ’, ಪ್ರಶ್ನೆಗೆ ‘ಚೋದಿಕ್ಕುಕ’. ‘ಚೋದಿಕ್ಕುಕ’ ಹೊಂದಿದರೆ ಆಸ್ಕ್.

ಆದರೆ ಮಲೆಯಾಳವನ್ನು ಪೂರ್ತಿ ನಂಬುವಂತಿಲ್ಲ. ಅದರ ‘ಕಾಣುಕ’ ಸೀ, ವಾಚ್ ಎರಡನ್ನೂ ಹೊರುತ್ತದೆ. ಅಲ್ಲಿ ಪಯಸ್ವಿನಿಯವರು ಹೇಳಿದ ಚಲಿಸುವ ವಸ್ತುವಿನ ಲೆಕ್ಕವೇ ಬೇಕು.

ಉಪ್ಪಳ ಲೋಕಲ್:

‘ಕೇಳು’ ಬಗ್ಗೆ ಅರ್ಧ ಪೀರಿಯಡ್ ಖರ್ಚು ಮಾಡಬಹುದು, ನಷ್ಟವಿಲ್ಲ. ಬೋರ್ಡಿನ ಮೇಲೆ ಐದು ವಾಕ್ಯ ಬರೆಯಿರಿ, ಪ್ರತಿಯೊಂದರಲ್ಲೂ ‘ಕೇಳು’ ಇರಲಿ:

ನನಗೆ ಗಂಟೆ ಕೇಳಿತು – ‘ಐ ಹರ್ಡ್ ದ ಬೆಲ್.’
ನಾನು ರೇಡಿಯೊ ಕೇಳಿದೆ – ‘ಐ ಲಿಸನ್ಡ್ ಟು ದ ರೇಡಿಯೊ.’
ಅವಳು ನನ್ನತ್ರ ಕೇಳಿದಳು – ‘ಶಿ ಆಸ್ಕ್ಡ್ ಮಿ.’
ಅವಳು ನನ್ನತ್ರ ಪೆನ್ನು ಕೇಳಿದಳು – ‘ಶಿ ಆಸ್ಕ್ಡ್ ಮಿ ಫಾರ್ ಎ ಪೆನ್.’
ಅವನು ಹೇಳಿದ್ದು ಕೇಳುವುದಿಲ್ಲ – ‘ಹಿ ಡಸ್ ನಾಟ್ ಒಬೇ.’

‘ಆಸ್ಕ್ಡ್ ಟು ಮಿ’ ಎಲ್ಲಿಂದ ಬರುತ್ತದೆ ಎಂದು ಮೂರನೆಯ ವಾಕ್ಯದಲ್ಲೇ ಕಾಣುತ್ತದೆ. ನಮ್ಮ ‘ನನ್ನತ್ರ’ದ ‘ಹತ್ರ’ವನ್ನು ಮಗು ಪ್ರಾಮಾಣಿಕವಾಗಿ ‘ಟು’ ಮಾಡಿದೆ. ಆಸ್ಕ್ ಮತ್ತು ಟೆಲ್ ಎರಡೂ ಆ ‘ಹತ್ರ’ವನ್ನು ನುಂಗಿಬಿಡುತ್ತವೆ. ವ್ಯಕ್ತಿ ನೇರವಾಗಿ ಅಂಟಿಕೊಂಡೇ ಬರಬೇಕು: ಆಸ್ಕ್ ಮಿ, ಟೆಲ್ ಮಿ. ಸೇ ನುಂಗುವುದಿಲ್ಲ: ಸೇ ಟು ಮಿ. ನಾಲ್ಕನೆಯದರಲ್ಲಿ ‘ಫಾರ್’ ಬಿಟ್ಟು ‘ಆಸ್ಕ್ಡ್ ಮಿ ಎ ಪೆನ್’ ಎಂದು ಬರೆದರೆ ತಪ್ಪು. ವಸ್ತು ಬೇಕಾದರೆ ಫಾರ್, ಪ್ರಶ್ನೆ ಆದರೆ ಬೇಡ: ‘ಆಸ್ಕ್ಡ್ ಮಿ ಎ ಕ್ವೆಶ್ಚನ್’.

ಸೇ, ಟೆಲ್, ಸ್ಪೀಕ್, ಟಾಕ್ ಆರಿಸಲಿಕ್ಕೆ ಎರಡು ಪ್ರಶ್ನೆ ಈ ಕ್ರಮದಲ್ಲೇ ಹಾಕಿ.

ಹೇಳಿದ ವಿಷಯ ವಾಕ್ಯದಲ್ಲಿ ಇದೆಯಾ? ಕೇಳಿಸಿಕೊಂಡವರು ಯಾರೆಂದು ಇದೆಯಾ? ಇಲ್ಲ, ಬರೀ ಮಾತಾಡಿದ್ದು ಎಂದಾದರೆ ಸ್ಪೀಕ್ ಅಥವಾ ಟಾಕ್. ವಿಷಯ ಉಂಟು, ಕೇಳಿಸಿಕೊಂಡವರು ಯಾರೆಂದು ಇಲ್ಲ ಎಂದಾದರೆ ಸೇ. ವಿಷಯವೂ ಉಂಟು, ವ್ಯಕ್ತಿಯೂ ಉಂಟು ಎಂದಾದರೆ ಟೆಲ್.

‘ಬಸ್ಸು ಹೋಯಿತು ಎಂದು ಹೇಳಿದ’: ‘ಹಿ ಸೆಡ್ ದಟ್ ದ ಬಸ್ ಹ್ಯಾಡ್ ಲೆಫ್ಟ್.’ ‘ಬಸ್ಸು ಹೋಯಿತು ಎಂದು ನನ್ನತ್ರ ಹೇಳಿದ’: ‘ಹಿ ಟೋಲ್ಡ್ ಮಿ ದಟ್ ದ ಬಸ್ ಹ್ಯಾಡ್ ಲೆಫ್ಟ್.’ ಎಸ್‌ಎಸ್‌ಎಲ್‌ಸಿಯ ರಿಪೋರ್ಟೆಡ್ ಸ್ಪೀಚಿನಲ್ಲಿ ‘ಸೆಡ್ ಟು’ ಇದ್ದುದನ್ನು ‘ಟೋಲ್ಡ್’ ಮಾಡುವಾಗ ‘ಟು’ವನ್ನು ಅಲ್ಲೇ ಉಳಿಸಿಬಿಡುತ್ತಾರೆ, ‘ಟೋಲ್ಡ್ ಟು ಮಿ’. ಮಾರ್ಕು ಹೋಗುವುದು ಅಲ್ಲಿ.

ವ್ಯಕ್ತಿ ಇಲ್ಲದೆಯೂ ಟೆಲ್ ಬರುವ ಕೆಲವು ಉಂಟು, ಅವನ್ನು ಬಾಯಿಪಾಠ ಮಾಡುವುದೇ: ಟೆಲ್ ದ ಟ್ರೂತ್, ಟೆಲ್ ಎ ಲೈ, ಟೆಲ್ ಎ ಸ್ಟೋರಿ, ಟೆಲ್ ಎ ಜೋಕ್, ಟೆಲ್ ದ ಟೈಮ್, ಟೆಲ್ ದ ಡಿಫರೆನ್ಸ್.

ಸ್ಪೀಕ್ ಮತ್ತು ಟಾಕ್ ಬಗ್ಗೆ ಹೆಚ್ಚು ತಲೆ ಕೆಡಿಸಬೇಡಿ. ಭಾಷೆಯ ಹೆಸರು ಬಂದರೆ ಸ್ಪೀಕ್ ಮಾತ್ರ, ‘ಟಾಕ್ ತುಳು’ ಇಲ್ಲ. ಸಭೆ, ಫೋನು, ಹೆಡ್‌ಮಾಸ್ಟರ ಎದುರು ಸ್ಪೀಕ್. ಬಸ್‌ಸ್ಟ್ಯಾಂಡಿನ ಹರಟೆಗೆ ಟಾಕ್.

ಇದರ ಪಕ್ಕದಲ್ಲೇ ಇಡಬೇಕಾದ್ದು: ಎಕ್ಸ್‌ಪ್ಲೇನ್ ಟೆಲ್‌ನ ಹಾಗೆ ನಡೆಯುವುದಿಲ್ಲ. ‘ಎಕ್ಸ್‌ಪ್ಲೇನ್ ಮಿ’ ತಪ್ಪು, ‘ಎಕ್ಸ್‌ಪ್ಲೇನ್ ಇಟ್ ಟು ಮಿ’ ಸರಿ. ‘ಸಜೆಸ್ಟ್ ಮಿ ಎ ಬುಕ್’ ಕೂಡ ನಡೆಯದು, ‘ಸಜೆಸ್ಟ್ ಎ ಬುಕ್’ ಸಾಕು. ಡಿಸ್ಕಸ್ ಮತ್ತು ಮೆನ್ಶನ್ ಎಂಬುವು ‘ಬಗ್ಗೆ’ಯನ್ನು ಒಳಗೇ ಇಟ್ಟುಕೊಂಡಿವೆ, ಅಬೌಟ್ ಬೇಡ. ‘ರೀಚ್ಡ್ ಟು ಕಾಸರಗೋಡು’ ಎಂಬಲ್ಲಿ ಟು ದಂಡ. ಅರೈವ್ ಆದರೆ ‘ಅರೈವ್ಡ್ ಇನ್ ಕಾಸರಗೋಡು’, ಸ್ಟೇಷನ್ನಿಗಾದರೆ ‘ಅರೈವ್ಡ್ ಆ್ಯಟ್ ದ ಸ್ಟೇಷನ್’.

ಬದಿಯಡ್ಕ ಬೆಂಚು:

ಬಹಳ ಉಪಕಾರ. ‘ನನ್ನತ್ರ’ದ ಸಂಗತಿ ಹೊಳೆದಿರಲಿಲ್ಲ. ರೈಸ್–ರೇಝ್, ಲೈ–ಲೇ ಉಳಿಯಿತು. ಪಿಎಸ್‌ಸಿಗೆ (ಸರಕಾರಿ ಕೆಲಸದ ಪರೀಕ್ಷೆಗೆ) ಓದುವ ದೊಡ್ಡವರೂ ಅದನ್ನೇ ಕೇಳುತ್ತಾರೆ.

ರ‍್ಯಾಂಕ್ ಲಿಸ್ಟ್:

ಅದಕ್ಕೆ ಕನ್ನಡದ ‘ಇಸು’ ಸಾಕು.

ಏರು, ಏರಿಸು. ತಾನಾಗಿ ಏರಿದರೆ ರೈಸ್, ಯಾರೋ ಏರಿಸಿದರೆ ರೇಝ್. ಅಡಿಕೆಯ ರೇಟು ಏರಿತು: ‘ದ ಪ್ರೈಸ್ ರೋಸ್.’ ವ್ಯಾಪಾರಿ ರೇಟು ಏರಿಸಿದ: ‘ದ ಟ್ರೇಡರ್ ರೇಝ್ಡ್ ದ ಪ್ರೈಸ್.’ ಮಲಗು, ಮಲಗಿಸು: ಲೈ, ಲೇ. ಕನ್ನಡದಲ್ಲಿ ಮಲಗಿಸುವುದು ಮಗುವನ್ನು ಮಾತ್ರ, ಇಂಗ್ಲಿಷಿನ ಲೇ ಪುಸ್ತಕವನ್ನೂ ಇಡುತ್ತದೆ, ಕೋಳಿಯ ಮೊಟ್ಟೆಯನ್ನೂ ಇಡುತ್ತದೆ. ಬೀಳು, ಬೀಳಿಸು: ಫಾಲ್, ಫೆಲ್. ಎರಡನೆಯದು ಹೆಚ್ಚಾಗಿ ಮರ ಕಡಿದು ಉರುಳಿಸುವುದಕ್ಕೆ, ಕೈಯಿಂದ ಲೋಟ ಬೀಳಿಸಿದರೆ ಡ್ರಾಪ್.

ಈ ಜೋಡಿಗಳು ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿನ ಹಿಂದಿನ ಹಂತದಲ್ಲಿ ‘ಇಸು’ವಿನಂಥದ್ದೇ ಒಂದು ಪ್ರತ್ಯಯ ಇತ್ತು. ಅದು ಸವೆದು ಹೋಗಿ ಒಳಗಿನ ಸ್ವರ ಬದಲಾದದ್ದು ಮಾತ್ರ ಉಳಿಯಿತು. ಸಿಟ್–ಸೆಟ್ ಕೂಡ ಅದೇ ಮನೆಯದು: ಕೂರು, ಕೂರಿಸು.

ರೂಪಗಳನ್ನು ಮಾತ್ರ ಉರು ಹೊಡೆಯಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ:

ರೈಸ್ – ರೋಸ್ – ರಿಸನ್
ರೇಝ್ – ರೇಝ್ಡ್ – ರೇಝ್ಡ್
ಲೈ (ಮಲಗು) – ಲೇ – ಲೇನ್
ಲೇ (ಇಡು) – ಲೇಡ್ – ಲೇಡ್
ಲೈ (ಸುಳ್ಳು ಹೇಳು) – ಲೈಡ್ – ಲೈಡ್
ಫಾಲ್ – ಫೆಲ್ – ಫಾಲನ್
ಫೆಲ್ – ಫೆಲ್ಡ್ – ಫೆಲ್ಡ್

ಗಂಟು ಬೀಳುವುದು ಎಲ್ಲಿ ಎಂದು ಪಟ್ಟಿಯಲ್ಲೇ ನೋಡಿ. ‘ಲೇ’ ಎಂಬುದು ಒಂದರ ಭೂತಕಾಲ, ಇನ್ನೊಂದರ ಮೂಲರೂಪ. ‘ಫೆಲ್’ ಕೂಡ ಹಾಗೆಯೇ. ‘ಯೆಸ್ಟರ್‌ಡೇ ಹಿ ಡ್ಯಾಶ್ ಆನ್ ದ ಬೆಡ್’ ಎಂದು ಕೊಟ್ಟು ಲೈಡ್, ಲೇಡ್, ಲೇ, ಲೇನ್ ನಾಲ್ಕನ್ನೂ ಕೆಳಗೆ ಇಟ್ಟರೆ ಹೆಚ್ಚಿನವರು ಲೇಡ್ ಗುರುತು ಮಾಡುತ್ತಾರೆ. ಉತ್ತರ ಲೇ.

ಖಾಲಿ ಜಾಗದ ಪ್ರಶ್ನೆಗೆ ಒಂದು ವೇಗದ ಪರೀಕ್ಷೆ: ಜಾಗದ ನಂತರ ನೇರವಾಗಿ ವಸ್ತು ಬಂದರೆ ‘ಇಸು’ ಜಾತಿಯದ್ದು, ಬೈ, ಇನ್, ಆನ್, ಫ್ರಮ್ ಅಥವಾ ಪೂರ್ಣವಿರಾಮ ಬಂದರೆ ‘ಇಸು’ ಇಲ್ಲದ್ದು. ‘ದ ರೇಟ್ ಡ್ಯಾಶ್ ಬೈ ಟೆನ್ ರುಪೀಸ್’ ಎಂದರೆ ರೋಸ್. ಆದರೆ ಡ್ಯಾಶಿನ ಹಿಂದೆ ವಾಸ್, ವರ್, ಬೀನ್ ಇದ್ದರೆ ಪರೀಕ್ಷೆ ತಿರುಗುತ್ತದೆ. ‘ದ ರೇಟ್ ವಾಸ್ ಡ್ಯಾಶ್ ಬೈ ದ ಟ್ರೇಡರ್’ ಎಂದರೆ ಏರಿಸಲಾಯಿತು, ಅಂದರೆ ರೇಝ್ಡ್. ವಸ್ತು ಮುಂದಕ್ಕೆ ಹೋಗಿ ಕುಳಿತಿದೆ, ಅಷ್ಟೇ. ಪ್ರಶ್ನೆ ತೆಗೆಯುವವರಿಗೆ ಈ ಗುಂಡಿ ಬಹಳ ಪ್ರಿಯ.

‘ಇಸು’ ಕಂಡಲ್ಲೆಲ್ಲ ಬೇರೆ ಇಂಗ್ಲಿಷ್ ಶಬ್ದ ಹುಡುಕಬಾರದು. ನೀರು ಕುದಿಯಿತು, ನೀರು ಕುದಿಸಿದೆ: ಎರಡೂ ಬಾಯ್ಲ್ಡ್. ಬಸ್ಸು ನಿಂತಿತು, ಬಸ್ಸು ನಿಲ್ಲಿಸಿದ: ಎರಡೂ ಸ್ಟಾಪ್ಡ್.

ಇನ್ನೆರಡು ಜೋಡಿ, ಪಿಎಸ್‌ಸಿಯವರಿಗೆ. ಕದಿಯುವುದರಲ್ಲಿ ಹೋದ ವಸ್ತುವಿಗೆ ಸ್ಟೀಲ್, ಕಳೆದುಕೊಂಡವರಿಗೆ ಅಥವಾ ಜಾಗಕ್ಕೆ ರಾಬ್. ‘ದ ಬ್ಯಾಂಕ್ ವಾಸ್ ರಾಬ್ಡ್’, ‘ದ ಗೋಲ್ಡ್ ವಾಸ್ ಸ್ಟೋಲನ್’. ‘ರಾಬ್ಡ್ ಹಿಮ್ ಆಫ್ ಹಿಸ್ ಮನಿ’ ಎಂಬಲ್ಲಿ ‘ಆಫ್’ ಕೇಳುತ್ತಾರೆ. ಕಡ ಕೊಡುವವನು ಲೆಂಡ್, ಕಡ ತಕ್ಕೊಳ್ಳುವವನು ಬಾರೋ. ಫ್ರಮ್ ಕಂಡರೆ ಬಾರೋ, ಟು ಕಂಡರೆ ಲೆಂಡ್. ಲೈಬ್ರರಿಯಿಂದ ಪುಸ್ತಕ ತರುವುದೂ ಬಾರೋ.

ಪಯಸ್ವಿನಿ:

‘ಹಾಕು’ ಮರೆತಿರಿ. ಲೈಟ್ ಹಾಕು ಎಂದರೆ ಸ್ವಿಚ್ ಆನ್, ಬಾಗಿಲು ಹಾಕು ಎಂದರೆ ಶಟ್, ಬೀಗ ಹಾಕು ಎಂದರೆ ಲಾಕ್, ಚಾಕ್ಕೆ ಸಕ್ಕರೆ ಹಾಕು ಎಂದರೆ ಆ್ಯಡ್, ಗೊಬ್ಬರ ಹಾಕು ಎಂದರೆ ಅಪ್ಲೈ, ಓಟು ಹಾಕು ಎಂದರೆ ಬರೀ ವೋಟ್. ಅಂಗಿ ಹಾಕುವ ಗಳಿಗೆಗೆ ಪುಟ್ ಆನ್, ಹಾಕಿಕೊಂಡು ಇರುವುದಕ್ಕೆ ವೇರ್. ಅಡಿಕೆಗೆ ಮದ್ದು ‘ಬಿಡು’ವುದಂತೂ ಸ್ಪ್ರೇ, ಅಲ್ಲಿ ಲೀವ್ ಬರೆದವರೂ ಇದ್ದಾರೆ. ನೋಟ್ ಪುಸ್ತಕದಲ್ಲಿ ಕ್ರಿಯಾಪದವನ್ನು ಒಂಟಿಯಾಗಿ ಬರೆಸಬೇಡಿ, ಯಾವಾಗಲೂ ವಸ್ತುವಿನ ಜೊತೆಗೆ ಬರೆಸಿ: ‘ಶಟ್ ದ ಡೋರ್’, ‘ಸ್ವಿಚ್ ಆನ್ ದ ಲೈಟ್’.

‘ಸಿಗು’ ಕೂಡ ಅಷ್ಟೇ ಕಳ್ಳ. ಬೀಗದ ಕೈ ಹುಡುಕಿ ಸಿಕ್ಕಿತು ಎಂದರೆ ಫೌಂಡ್. ಪೇಟೆಯಲ್ಲಿ ಅವನು ಸಿಕ್ಕಿದ ಎಂದರೆ ಮೆಟ್. ಕೆಲಸ ಸಿಕ್ಕಿತು ಎಂದರೆ ಗಾಟ್. ಅಂಗಡಿಯಲ್ಲಿ ಆ ಮದ್ದು ಸಿಗುವುದಿಲ್ಲ ಎಂದರೆ ‘ನಾಟ್ ಅವೈಲಬಲ್’.

ಗಡಿನಾಡ ಓದುಗ:

‘ಮಾಡು’ವಿನಲ್ಲಿ ಮೇಕ್, ಡು ಎಂದು ಆರಿಸುವ ಮೊದಲು ಮತ್ತೊಂದು ನೋಡಿಕೊಳ್ಳಿ. ಕನ್ನಡದ ‘ಮಾಡು’ ಎಷ್ಟೋ ಕಡೆ ಇಂಗ್ಲಿಷಿಗೆ ಹೋಗುವುದೇ ಇಲ್ಲ. ಸಹಾಯ ಮಾಡು ಹೆಲ್ಪ್, ಪ್ರಯತ್ನ ಮಾಡು ಟ್ರೈ, ಫೋನ್ ಮಾಡು ಕಾಲ್, ನಿದ್ದೆ ಮಾಡು ಸ್ಲೀಪ್. ‘ಡು ಹೆಲ್ಪ್ ಟು ಮಿ’ ಎಂದು ಬರೆಯುವುದು ಈ ಹೆಜ್ಜೆ ಬಿಟ್ಟದ್ದರಿಂದ. ಒಂದೇ ಶಬ್ದ ಸಿಗದಿದ್ದರೆ ಮಾತ್ರ ಆಯ್ಕೆ: ಹೊಸತೊಂದು ಉಂಟಾದರೆ ಮೇಕ್ (ಚಾ, ಗಲಾಟೆ, ತಪ್ಪು, ಪಟ್ಟಿ), ಕೆಲಸ ಮುಗಿಸುವುದಾದರೆ ಡು (ಹೋಮ್‌ವರ್ಕ್, ಲೆಕ್ಕ, ವ್ಯಾಯಾಮ). ಹೊಂದದವು ಇದ್ದೇ ಇವೆ. ‘ಮೇಕ್ ದ ಬೆಡ್’ ಎಂದರೆ ಮಂಚ ತಯಾರಿಸುವುದಲ್ಲ, ಹಾಸಿಗೆ ಸರಿ ಮಾಡುವುದು.

ನಿಘಂಟಿನ ವಿಷಯಕ್ಕೆ ಒಂದು ಮಾತು. ಇಂಗ್ಲಿಷ್–ಕನ್ನಡ ನಿಘಂಟು ಅರ್ಥಕ್ಕೆ ಸಾಕು, ಆಯ್ಕೆಗೆ ಸಾಲದು. ಅದಕ್ಕೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬೇಕು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಹಾರ್ನ್‌ಬಿ ಎಂಬ ಮಾಷ್ಟ್ರು ಜೊತೆಗಾರರೊಡನೆ 1942ರಲ್ಲಿ ಟೋಕಿಯೊದಲ್ಲಿ ಅಂಥದ್ದೊಂದನ್ನು ಹೊರತಂದರು, 1948ರಲ್ಲಿ ಅದು ಆಕ್ಸ್‌ಫರ್ಡಿನಿಂದ ಬಂತು. ಅದರ ಮುಖ್ಯ ಗುಣವೇ ಪ್ರತಿ ಕ್ರಿಯಾಪದದ ಹಿಂದೆ ಮುಂದೆ ಏನು ಬರುತ್ತದೆ ಎಂದು ತೋರಿಸಿದ್ದು. ಈಗಿನ ಇಂಥ ನಿಘಂಟುಗಳಲ್ಲಿ ‘ಟೆಲ್ ಸಮ್‌ಬಡಿ ಸಮ್‌ಥಿಂಗ್’, ‘ಸೇ ಸಮ್‌ಥಿಂಗ್ ಟು ಸಮ್‌ಬಡಿ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಮಕ್ಕಳು ಅರ್ಥ ಓದಿ ಪುಟ ಮುಚ್ಚುತ್ತಾರೆ. ದಪ್ಪಕ್ಷರದ ಸಾಲನ್ನು ನಕಲು ಮಾಡಿಸಿ.

ಬದಿಯಡ್ಕ ಬೆಂಚು:

ಸರಿ. ಒಂದು ಪೀರಿಯಡ್‌ಗೆ ಒಂದೇ ಕನ್ನಡ ಕ್ರಿಯಾಪದ ಎಂದು ಇಟ್ಟುಕೊಳ್ಳುತ್ತೇನೆ, ಮೊದಲು ‘ಕೇಳು’. ‘ಕಲಿ’ ಎಂಬುದಕ್ಕೆ ಲರ್ನ್, ಸ್ಟಡಿ ಎರಡರಲ್ಲಿ ಯಾವುದು?

ಉಪ್ಪಳ ಲೋಕಲ್:

‘ಅವಳು ಎಷ್ಟನೇಯಲ್ಲಿ ಕಲಿಯುವುದು?’ ಎಂಬ ನಮ್ಮೂರ ‘ಕಲಿ’ ಸ್ಟಡಿ: ‘ಶಿ ಸ್ಟಡೀಸ್ ಇನ್ ಕ್ಲಾಸ್ ನೈನ್’ (ಇಂಗ್ಲೆಂಡಿನವರು ‘ಶಿ ಈಸ್ ಇನ್’ ಎಂದು ಮುಗಿಸುತ್ತಾರೆ). ಈಜು ಕಲಿತಳು, ಸೈಕಲ್ ಕಲಿತಳು ಎಂಬಲ್ಲಿ ಲರ್ನ್, ಯಾಕೆಂದರೆ ಈಗ ಅದು ಅವಳಿಗೆ ಬರುತ್ತದೆ. ಸ್ಟಡಿ ಎಂದರೆ ಪುಸ್ತಕ ಹಿಡಿದು ಕೂತದ್ದು, ತಲೆಗೆ ಹತ್ತಿತೋ ಇಲ್ಲವೋ ಎಂಬ ಖಾತ್ರಿ ಅದರಲ್ಲಿ ಇಲ್ಲ. ‘ಹಿ ಸ್ಟಡೀಡ್ ಆಲ್ ನೈಟ್ ಬಟ್ ಲರ್ನ್ಡ್ ನಥಿಂಗ್’ ಎಂದು ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳೇ ಬಿಡಿಸುತ್ತಾರೆ.